ಲಕ್ಷದ್ವೀಪದ ಹಡಗು ಹತ್ತುವ ಮುನ್ನ

ಒಳನಾಡಿನ ಕನ್ನಡಿಗನಿಗೆ ಕಡಲೆಂಬುದು ದಡದಲ್ಲಿ ನಿಂತು ನೋಡುವ ವಸ್ತು. ಮಲ್ಪೆಯಲ್ಲೋ ಗೋಕರ್ಣದಲ್ಲೋ ಮೊಣಕಾಲುದ್ದ ನೀರಿಗಿಳಿದು, ತೆರೆ ಬಂದಾಗ ಪಂಚೆಯನ್ನೆತ್ತಿಕೊಂಡು ಹಿಂದಕ್ಕೋಡಿ, ಕಡಲೆಕಾಯಿ ತಿನ್ನುತ್ತ ಸೂರ್ಯಾಸ್ತವನ್ನು ನೋಡಿ ಮರಳಿದರೆ ಅವನ ಸಮುದ್ರದರ್ಶನ ಮುಗಿಯಿತು. ಆ ನೀರಿನ ಮೇಲೆಯೇ ಒಂದು ರಾತ್ರಿ ಮಲಗಿದ್ದು, ಮುಂಜಾನೆ ಕಣ್ತೆರೆದಾಗ ನಾಲ್ಕು ದಿಕ್ಕಿಗೂ ನೀರನ್ನಲ್ಲದೆ ಬೇರೇನನ್ನೂ ಕಾಣದಿರುವ ಅನುಭವ ಬಹುಮಂದಿಗೆ ಒದಗಿರುವುದಿಲ್ಲ. ಅದನ್ನು ಬಯಸುವವರಿಗೆ ದೂರದೇಶಗಳ ವಿಹಾರನೌಕೆಯೇ ಆಗಬೇಕೆಂದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು ಸಾಕು.

ಹಾಸನ ಸೀಮೆಯ ನಿವೃತ್ತ ಹೈಸ್ಕೂಲು ಮೇಷ್ಟರೊಬ್ಬರು ಪತ್ನೀಸಮೇತರಾಗಿ ಹೀಗೆ ಮೊದಲ ಸಲ ಹೊರಟಿದ್ದಾರೆಂದು ಕಲ್ಪಿಸಿಕೊಳ್ಳಬಹುದು. ಮೇಷ್ಟರಿಗೆ ಭೂಪಟವೆಲ್ಲ ಬಾಯಿಪಾಠ, ಆದರೆ ಈಜು ಬಾರದು. ಪತ್ನಿಗೆ ಭೂಪಟದ ಗೊಡವೆಯೇ ಇಲ್ಲ, ನೀರೆಂದರೆ ಮಾತ್ರ ಭಯ. ಇಂಥವರು ಎಲ್ಲಿ ಎಚ್ಚರದಿಂದಿರಬೇಕು, ಎಲ್ಲಿ ಅಂಜಬೇಕಾಗಿಲ್ಲ ಎಂಬುದನ್ನು ಮೊದಲೇ ಅರಿತಿದ್ದರೆ, ಸಂಕಟವಾಗಬಹುದಾಗಿದ್ದ ಪಯಣವೇ ಬದುಕಿನಲ್ಲಿ ನೆನೆಯತಕ್ಕ ಸಂತೋಷವಾಗುತ್ತದೆ.

ಕೇರಳದ ಕರಾವಳಿಯಿಂದ ಸುಮಾರು 220ರಿಂದ 440 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಚದರಿದ ಹವಳದ ನೆಲಗಳೇ ಲಕ್ಷದ್ವೀಪ. ಒಟ್ಟು ನೆಲವೆಲ್ಲ ಸೇರಿ 32 ಚದರ ಕಿಲೋಮೀಟರು ಮಾತ್ರ. ಜನವಸತಿಯಿರುವ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಅಲ್ಲಿದ್ದವರು 64 ಸಾವಿರಕ್ಕೆ ತುಸು ಮಿಕ್ಕ ಜನ. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು ಕನ್ನಡ ನಾಡಿಗೆ ಅಪರಿಚಿತವಲ್ಲ. ಟಿಪ್ಪೂ ಸುಲ್ತಾನನ ಕಾಲದಲ್ಲಿ ಅವು ಮೈಸೂರಿನ ಅಧೀನಕ್ಕೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಕೈಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚಿತವಾಗುವವರೆಗೂ ಮಂಗಳೂರಿನಿಂದಲೇ ಆಳಲ್ಪಟ್ಟವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬಂದು ಅಕ್ಕಿಯಾಗಿ ಹಿಂದಿರುಗುತ್ತಿದ್ದ ಕಾಲವದು. ಮಂಗಳೂರಿನ ಹಳೆಯ ಬಂದರಿನಿಂದ ಸರಕಿನ ಮಂಜಿಗಳು ಇಂದಿಗೂ ಆ ದಿಕ್ಕಿಗೆ ಹೋಗುತ್ತವೆ.

ಗಂಟುಮೂಟೆ

ಮೊದಲನೆಯ ಮಾತು ಅನುಮತಿಯದು. 1967ರ ನಿಯಮಗಳ ಪ್ರಕಾರ ದ್ವೀಪವಾಸಿಗಳಲ್ಲದವರು, ಭಾರತೀಯರೇ ಆಗಲಿ, ಪ್ರವೇಶದ ಅನುಮತಿಪತ್ರವಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಹಡಗಿನ ಟಿಕೆಟ್ಟು ಸಿಕ್ಕಿತೆಂದು ಕೊಚ್ಚಿಗೆ ಬಂದಿಳಿದು, ಪತ್ರವಿಲ್ಲದೆ ಧಕ್ಕೆಯಿಂದಲೇ ಹಿಂದಿರುಗುವುದು ಬೇಸರದ ಸಂಗತಿ. ಪತ್ರವನ್ನೂ ಗುರುತಿನ ಚೀಟಿಯನ್ನೂ ನೀರು ತಾಗದ ಚೀಲದಲ್ಲಿಟ್ಟು ಮೈಮೇಲೆಯೇ ಇಟ್ಟುಕೊಳ್ಳತಕ್ಕದ್ದು.

ಎರಡನೆಯದು ಕಾಲದ ಮಾತು. ಅಕ್ಟೋಬರಿನಿಂದ ಮೇ ತಿಂಗಳ ನಡುಗಾಲದವರೆಗೆ ಈ ಕಡಲು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಮುಂಗಾರು ಹೊಕ್ಕಿತೆಂದರೆ ಹಡಗುಗಳ ಓಡಾಟವೇ ತಗ್ಗುತ್ತದೆ. ಒಳ್ಳೆಯ ಕಾಲದಲ್ಲೂ ಹಡಗಿನ ವೇಳೆ ರೈಲಿನ ವೇಳೆಯಂತಲ್ಲ, ಗಾಳಿ ಒಪ್ಪದಿದ್ದರೆ ಅದು ಬದಲಾಗುತ್ತದೆ. ಬೆಳಿಗ್ಗೆ ಕೊಚ್ಚಿಯಲ್ಲಿಳಿದು ಅಂದೇ ಮಧ್ಯಾಹ್ನದ ರೈಲು ಹಿಡಿಯುವೆವೆಂದು ಟಿಕೆಟ್ಟು ತೆಗೆಸಿದವರು ಯಾನದುದ್ದಕ್ಕೂ ಕೈಗಡಿಯಾರವನ್ನೇ ನೋಡುತ್ತಿರಬೇಕಾಗುತ್ತದೆ. ಹಿಂದುಮುಂದಿಗೆ ಒಂದೆರಡು ದಿನ ಬಿಡುವಿಟ್ಟುಕೊಂಡವರೇ ಜಾಣರು. ನಿತ್ಯ ಔಷಧ ಸೇವಿಸುವವರು ಅಷ್ಟೇ ದಿನಗಳ ಔಷಧವನ್ನು ಹೆಚ್ಚಾಗಿ ಒಯ್ಯಬೇಕು.

ಮೂರನೆಯದು ಗಂಟು. ಮೇಷ್ಟರು ಕಾಶೀಯಾತ್ರೆಯ ಅಭ್ಯಾಸದಂತೆ ಒಂದು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ, ಚಕ್ಕುಲಿಯ ಡಬ್ಬ, ಮೇಲೊಂದು ಕೊಡೆ ಹಿಡಿದು ಹೊರಟಿದ್ದಾರು. ರೈಲಿಗೆ ಇದು ಸಲ್ಲುತ್ತದೆ, ಹಡಗಿಗೆ ಸಲ್ಲದು. ಬೆನ್ನಿಗೆ ಕಟ್ಟಿಕೊಳ್ಳಬಹುದಾದ ಒಂದೇ ಚೀಲ ಸಾಕು. ಅದರೊಳಗೆ ಎರಡು ಜೊತೆ ಹತ್ತಿಬಟ್ಟೆ, ತಲೆಗೆ ಟೋಪಿ, ಹಗ್ಗದಿಂದ ಕಟ್ಟಿಕೊಂಡ ಕನ್ನಡಕ, ಕಾಲಿಗೆ ಜಾರದ ರಬ್ಬರಿನ ಪಾದರಕ್ಷೆ, ಖರ್ಚಿಗೆ ನಗದು ಇದ್ದರಾಯಿತು. ಎರಡು ಕೈಗಳೂ ಬರಿದಾಗಿರಬೇಕು. ಇದೇಕೆಂಬುದು ಮರುದಿನ ದೋಣಿಗೆ ಇಳಿಯುವಾಗ ತಿಳಿಯುತ್ತದೆ.

ಹಡಗಿನೊಳಗೆ

ಕೊಚ್ಚಿಯಲ್ಲಿ ಹಡಗು ಹತ್ತುವ ವಿಲಿಂಗ್ಡನ್ ದ್ವೀಪದ ನೆಲವೇ ಮನುಷ್ಯನ ಕೈಕೆಲಸ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಬಂದರಿನ ಬಾಯಿಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕಡಿಸಿ ಕಾಲುವೆ ತೆಗೆಸಿದನು. 1928ರಲ್ಲಿ 'ಪದ್ಮಾ' ಎಂಬ ಹಡಗು ಆ ಹಾದಿಯಾಗಿ ಮೊದಲು ಒಳಬಂದರನ್ನು ಹೊಕ್ಕಿತು. ಹೂಳೆತ್ತಿದ ಮಣ್ಣೇ ದ್ವೀಪವಾಗಿ ಹರಡಿತು. ಲಕ್ಷದ್ವೀಪದ ಹಡಗು ಕಡಲಿಗೆ ಹೊರಡುವುದೂ ಅದೇ ಬಾಯಿಂದ. ಒಂದು ಕಡೆ ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು, ಇನ್ನೊಂದು ಕಡೆ ವೈಪಿನ್ ದ್ವೀಪ. ಅವು ಹಿಂದೆ ಸರಿದು, ಮಣ್ಣುಬಣ್ಣದ ನೀರು ಹಸಿರಾಗಿ, ಹಸಿರು ಕಡುನೀಲಿಯಾಗುವುದನ್ನು ನೋಡುವುದಕ್ಕಾಗಿಯಾದರೂ ಮೊದಲ ಒಂದು ಗಂಟೆ ಮೇಲಿನ ಅಟ್ಟದಲ್ಲಿರಬೇಕು. ದಡದ ದೀಪಗಳು ಮರೆಯಾದಂತೆ ಕೈಯೊಳಗಿನ ಫೋನೂ ಮೂಕವಾಗುತ್ತದೆ. ಮನೆಗೆ ಹೇಳಬೇಕಾದದ್ದನ್ನು ಅದಕ್ಕೆ ಮುಂಚೆಯೇ ಹೇಳಿಬಿಡುವುದು ಲೇಸು.

ಆದರೆ ಅದಕ್ಕೂ ಮೊದಲು ಮಾಡತಕ್ಕ ಕೆಲಸವೊಂದುಂಟು. ತನ್ನ ಜಾಗ ಸಿಕ್ಕೊಡನೆ ತನ್ನ ಲೈಫ್ ಜಾಕೆಟ್ಟು ಎಲ್ಲಿದೆ, ಅದನ್ನು ಹೇಗೆ ಬಿಗಿಯಬೇಕು, ಅಪಾಯದ ಗಂಟೆಯಾದರೆ ಎಲ್ಲಿ ಸೇರಬೇಕು, ಅಲ್ಲಿಗೆ ಹೋಗುವ ಎರಡು ದಾರಿಗಳು ಯಾವುವು ಎಂಬುದನ್ನು ನಡೆದೇ ನೋಡಿಕೊಳ್ಳಬೇಕು. ಏಣಿಯವರೆಗೆ ಎಷ್ಟು ಬಾಗಿಲುಗಳೆಂದು ಎಣಿಸಿಟ್ಟುಕೊಂಡರೆ ದೀಪವಾರಿದಾಗಲೂ ದಾರಿ ತಪ್ಪದು. ಏಳು ಗಿಡ್ಡ ಕೂಗು, ಅನಂತರ ಒಂದು ಉದ್ದ ಕೂಗು ಕೇಳಿದರೆ ಅದು ಎಲ್ಲರೂ ಸೇರಬೇಕೆಂಬ ಕರೆ. ಸಿಬ್ಬಂದಿ ಈ ಸೂಚನೆಗಳನ್ನು ಹೇಳುವಾಗ ಚಿತ್ರ ತೆಗೆಯುತ್ತ ನಿಲ್ಲುವವರೇ ಹೆಚ್ಚು. ಇದು ಬರಿಯ ಶಾಸ್ತ್ರವಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕವೇ ರಾಷ್ಟ್ರಗಳು ಕೂಡಿ 1914ರಲ್ಲಿ ಕಡಲಜೀವರಕ್ಷಣೆಯ ಒಪ್ಪಂದ ಮಾಡಿಕೊಂಡವು. ಶತಮಾನ ಕಳೆದು 2012ರ ಜನವರಿಯಲ್ಲಿ ಇಟಲಿಯ ದಡದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ತಗುಲಿ ಮಗುಚಿದಾಗ 32 ಮಂದಿ ಸತ್ತರು. ಅಂದೇ ಹತ್ತಿದ್ದ ನೂರಾರು ಮಂದಿಗೆ ಆ ಅಭ್ಯಾಸವನ್ನು ಇನ್ನೂ ಮಾಡಿಸಿರಲಿಲ್ಲ. ಹಡಗು ಹೊರಡುವ ಮೊದಲೇ, ತಪ್ಪಿದರೆ ಹೊರಟ ಒಡನೆಯೇ, ಅಭ್ಯಾಸವಾಗಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಅದರ ತರುವಾಯ. ಹತ್ತು ನಿಮಿಷದ ಕೆಲಸ ಅದು. ಮಾಡಿಕೊಂಡವನಿಗೆ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆ.

ಹಡಗಿನ ಮನೆಗೂ ನೆಲದ ಮನೆಗೂ ಇನ್ನೂ ಕೆಲವು ಭೇದಗಳುಂಟು. ಬಾಗಿಲುಗಳ ಹೊಸ್ತಿಲು ಗೇಣುದ್ದ ಎತ್ತರವಿರುತ್ತದೆ. ನೀರು ಒಳನುಗ್ಗದಿರಲೆಂದು ಮಾಡಿದ ಆ ಹೊಸ್ತಿಲು ಎಚ್ಚರವಿಲ್ಲದವನ ಹೆಬ್ಬೆರಳನ್ನು ಬಿಡುವುದಿಲ್ಲ. ಉಕ್ಕಿನ ಬಾಗಿಲುಗಳು ಹಡಗು ವಾಲಿದಾಗ ತಾವಾಗಿಯೇ ಬಡಿದುಕೊಳ್ಳುತ್ತವೆ, ಚೌಕಟ್ಟಿನಲ್ಲಿ ಬೆರಳಿಡಬಾರದು. ಓಡಾಡುವಾಗ ಒಂದು ಕೈ ಸದಾ ಕಟಾಂಜನದ ಮೇಲಿರಬೇಕು. ಎರಡು ಕೈಯಲ್ಲೂ ಚಹದ ಲೋಟ ಹಿಡಿದು ಬರುವ ಗಂಡಸಿಗಿಂತ, ಒಂದು ಲೋಟವನ್ನು ಎರಡು ಸಲ ತರುವವನೇ ಕಡಲನ್ನು ಬಲ್ಲವನು.

ತಲೆಸುತ್ತು

ಮೊದಲ ಪಯಣಿಗರೆಲ್ಲರ ಪ್ರಶ್ನೆ ಒಂದೇ: ವಾಕರಿಕೆ ಬಂದರೇನು ಗತಿ? ಕಿವಿಯೊಳಗಿನ ಸಮತೋಲದ ಅಂಗ 'ಅಲುಗುತ್ತಿದ್ದೇವೆ' ಎನ್ನುತ್ತದೆ, ಕೋಣೆಯ ಗೋಡೆಯನ್ನು ನೋಡುವ ಕಣ್ಣು 'ಇಲ್ಲ' ಎನ್ನುತ್ತದೆ. ಈ ಇಬ್ಬರು ಸಾಕ್ಷಿಗಳ ಜಗಳವೇ ಸಮುದ್ರದ ತಲೆಸುತ್ತು. ಆದುದರಿಂದ ಪರಿಹಾರವೂ ಸರಳ, ಕಣ್ಣಿಗೆ ನಿಜವನ್ನು ತೋರಿಸಬೇಕು. ಹೊರಗೆ ಬಂದು ಗಾಳಿಗೆ ಮುಖವೊಡ್ಡಿ ದಿಗಂತದ ರೇಖೆಯನ್ನು ನೋಡುತ್ತಿದ್ದರೆ ಬಹುಮಟ್ಟಿಗೆ ಶಮನವಾಗುತ್ತದೆ. ಕೆಳಗಿನ ಕೋಣೆಯಲ್ಲಿ ಕುಳಿತು ಪುಸ್ತಕ ಓದಿದರೆ ಉಲ್ಬಣಿಸುತ್ತದೆ. ತೊಟ್ಟಿಲಿನ ಎರಡು ತುದಿಗಳಿಗಿಂತ ನಡುವೆ ತೂಗಾಟ ಕಡಿಮೆಯಿರುವಂತೆ, ಹಡಗಿನಲ್ಲೂ ಉದ್ದದ ನಡುಭಾಗ ಮತ್ತು ಕೆಳಗಿನ ಅಂತಸ್ತು ಹೆಚ್ಚು ಸ್ಥಿರ. ಜಾಗವನ್ನು ಆರಿಸಿಕೊಳ್ಳಲು ಅವಕಾಶವಿದ್ದರೆ ಇದನ್ನು ನೆನೆಯಬೇಕು.

ಹೊಟ್ಟೆ ತುಂಬ ಉಣ್ಣುವುದೂ ತಪ್ಪು, ಉಪವಾಸವಿರುವುದೂ ತಪ್ಪು. ಒಣ ಬಿಸ್ಕತ್ತು, ಅವಲಕ್ಕಿ, ಮೊಸರನ್ನ ಇಂಥ ಹಗುರವಾದವು ಒಗ್ಗುತ್ತವೆ. ಶುಂಠಿ ಹಲವರಿಗೆ ಹಿತ. ಮಾತ್ರೆ ನುಂಗುವುದಾದರೆ ವೈದ್ಯರನ್ನು ಕೇಳಿ, ಹಡಗು ಅಲುಗುವ ಮೊದಲೇ ನುಂಗಬೇಕು. ವಾಕರಿಕೆ ಹತ್ತಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು. ಮೇಷ್ಟರ ಪತ್ನಿ ನಿಂಬೆಹಣ್ಣನ್ನು ಮೂಸುತ್ತ, ಯಾರ ಉಪದೇಶವೂ ಇಲ್ಲದೆ ಅಟ್ಟದ ಬೆಂಚಿನ ಮೇಲೆ ಗಾಳಿಗೆ ಕುಳಿತು ಸುಖವಾಗಿದ್ದಾರು. ಕೋಣೆಯಲ್ಲಿ ಭೂಪಟ ಹರವಿಕೊಂಡ ಮೇಷ್ಟರು ಹಾಸಿಗೆ ಹಿಡಿದಾರು. ಇದರಲ್ಲಿ ನಾಚುವುದಕ್ಕೇನೂ ಇಲ್ಲ. ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಮೈ ಹೊಂದಿಕೊಳ್ಳುತ್ತದೆ.

ನಡುರಾತ್ರಿ ಎಚ್ಚರವಾದರೆ ಒಮ್ಮೆ ಹೊರಬಂದು ನೋಡುವುದುಂಟು. ಚಂದ್ರನಿಲ್ಲದ ರಾತ್ರಿಯಲ್ಲಿ, ದಡದ ದೀಪಗಳ ಕಲಬೆರಕೆಯಿಲ್ಲದ ಆಕಾಶದಲ್ಲಿ, ನಕ್ಷತ್ರಗಳು ನೀರಿನ ಅಂಚಿನವರೆಗೂ ಇಳಿದಿರುತ್ತವೆ. ಮುಂಜಾನೆ ಹಡಗಿನ ಮೂತಿಯ ಬಳಿಯಿಂದ ಹಾರುಮೀನುಗಳು ಬೆಳ್ಳಿಯ ಚೂರುಗಳಂತೆ ಚಿಮ್ಮಿ ಚದರುತ್ತವೆ.

ದೋಣಿಗೆ ಇಳಿಯುವ ಗಳಿಗೆ

ಹೋಗುವ ದ್ವೀಪವನ್ನನುಸರಿಸಿ ಹದಿನಾಲ್ಕರಿಂದ ಹದಿನೆಂಟು ಗಂಟೆಗಳ ಯಾನ. ಬೆಳಿಗ್ಗೆ ನೀರಿನ ಮೇಲೆ ಮೊದಲು ಕಾಣುವುದು ನೆಲವಲ್ಲ, ತೆಂಗಿನ ತಲೆಗಳು. ಈ ದ್ವೀಪಗಳಲ್ಲಿ ಬಹುಪಾಲು ಉಂಗುರದಂತೆ ಬೆಳೆದ ಹವಳದ ದಿಬ್ಬದ ಪೂರ್ವದ ಅಂಚಿನಲ್ಲಿವೆ. ಪಶ್ಚಿಮಕ್ಕೆ ದಿಬ್ಬ ಸುತ್ತುವರಿದ ತಿಳಿಗಡಲು. ಅದರ ಬಣ್ಣವನ್ನು ಹಸಿರೆನ್ನಬೇಕೋ ನೀಲಿಯೆನ್ನಬೇಕೋ ಎಂದು ತರ್ಕಿಸುವಷ್ಟರಲ್ಲಿ ಬೇರೊಂದಾಗಿರುತ್ತದೆ. ಆಳವಿಲ್ಲದ ಆ ನೀರಿಗೆ ಹಡಗು ಹೋಗಲಾರದು. ಕೆಲವು ದ್ವೀಪಗಳಲ್ಲಿ ಹವೆ ಅನುಕೂಲವಾಗಿದ್ದಾಗ ಹಡಗು ನೇರವಾಗಿ ಕಟ್ಟೆಗೇ ಬರುವುದುಂಟು. ಉಳಿದೆಡೆಗಳಲ್ಲಿ ಅದು ದಿಬ್ಬದ ಹೊರಗೆ ನಿಲ್ಲುತ್ತದೆ, ದ್ವೀಪದ ದೋಣಿಗಳು ಬಳಿಗೆ ಬರುತ್ತವೆ. ಮುಂಬಯಿಯಿಂದ ಬರುವ ಅರಮನೆಯಂಥ ವಿಹಾರನೌಕೆಯ ಯಾತ್ರಿಕನಿಗೂ ಇಲ್ಲಿ ದೋಣಿಯೇ ಗತಿ.

ಇಡೀ ಪಯಣದಲ್ಲಿ ನಿಜವಾಗಿ ಎಚ್ಚರ ಬೇಡುವ ಗಳಿಗೆ ಇದೊಂದೇ. ಹಡಗಿನ ಪಕ್ಕೆಯಲ್ಲೊಂದು ಬಾಗಿಲು ತೆರೆಯುತ್ತದೆ. ಕೆಳಗೆ ದೋಣಿ ತೆರೆಯೊಡನೆ ಏರುತ್ತದೆ, ಇಳಿಯುತ್ತದೆ. ಒಂದು ಕ್ಷಣ ಹೊಸ್ತಿಲಿಗೆ ಸಮನಾಗಿರುವುದು ಮರುಕ್ಷಣ ಆಳೆತ್ತರ ಕೆಳಗಿರಬಹುದು. ಹಡಗಿಗೂ ದೋಣಿಗೂ ನಡುವಿನ ಸಂದು ತೆರೆದುಕೊಳ್ಳುತ್ತ ಮುಚ್ಚಿಕೊಳ್ಳುತ್ತ ಇರುತ್ತದೆ. ಆ ಸಂದಿನಲ್ಲಿ ಕಾಲು ಸಿಕ್ಕಿದರೆ ಮೂಳೆ ಉಳಿಯದು.

ಇಲ್ಲಿ ಪಾಲಿಸತಕ್ಕ ನಿಯಮಗಳು ನಾಲ್ಕೇ. ಚೀಲವನ್ನು ಕೈಯಲ್ಲಿ ಹಿಡಿದು ಇಳಿಯಬಾರದು; ಅದನ್ನು ಬೇರೆಯಾಗಿ ದಾಟಿಸುತ್ತಾರೆ. ಮುಂಗೈಯನ್ನು ಖಲಾಸಿಗೆ ಒಪ್ಪಿಸಬೇಕು. ಒದ್ದೆಯಾದ ಬೆರಳುಗಳು ಜಾರುತ್ತವೆಂದು ಅವನು ಹಿಡಿಯುವುದು ಬೆರಳನ್ನಲ್ಲ, ಮಣಿಕಟ್ಟನ್ನು. ದೋಣಿ ಮೇಲಕ್ಕೇರಿ ನಿಂತ ಕ್ಷಣದಲ್ಲಿ, ಅವನು ಹೇಳಿದಾಗ, ಒಂದೇ ಹೆಜ್ಜೆಯಲ್ಲಿ ದಾಟಬೇಕು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಎಂದು ಅರೆಮನಸ್ಸಿನಿಂದ ನಿಲ್ಲಬಾರದು. ದಾಟಿದ ಕೂಡಲೇ ಒಳಸರಿದು ಕುಳಿತುಕೊಳ್ಳಬೇಕು. ನಿಂತುಕೊಂಡು ಹಿಂದಿನವರನ್ನು ಕರೆಯುವುದು ಸಲ್ಲದು.

ಮೇಷ್ಟರ ಪತ್ನಿ ಬಾಗಿಲಿನಿಂದ ಒಮ್ಮೆ ಕೆಳಗೆ ನೋಡಿ ಹಿಂದಕ್ಕೆ ಸರಿಯುತ್ತಾರೆ. "ಏನೂಂದ್ರೆ, ನೀವು ಹೋಗಿ ಬನ್ನಿ. ನಾನು ಹಡಗಿನಲ್ಲೇ ಕೂತಿರ್ತೀನಿ" ಎನ್ನುತ್ತಾರೆ. ಆಗ ತಲೆಯ ಮೇಲೆ ವಸ್ತ್ರ ಹೊದ್ದ ದ್ವೀಪದ ಮುದುಕಿಯೊಬ್ಬಳು ಸರದಿಯಲ್ಲಿ ಮುಂದೆ ಬರುತ್ತಾಳೆ. ಎಪ್ಪತ್ತು ದಾಟಿರಬೇಕು. ಅವಳು ಅವಸರಪಡುವುದಿಲ್ಲ. ಎರಡು ತೆರೆಗಳು ಬಂದು ಹೋಗುವುದನ್ನು ಸುಮ್ಮನೆ ನೋಡುತ್ತಾಳೆ. ಮೂರನೆಯದಕ್ಕೆ ಕೈ ಚಾಚುತ್ತಾಳೆ. ಖಲಾಸಿ ಮಣಿಕಟ್ಟನ್ನು ಹಿಡಿಯುತ್ತಾನೆ, ಅವಳು ದೋಣಿಯಲ್ಲಿರುತ್ತಾಳೆ. ಮನೆಯ ಜಗಲಿಯಿಂದ ಅಂಗಳಕ್ಕೆ ಇಳಿದಷ್ಟೇ ಸಹಜ.

ಮೇಷ್ಟರ ಪತ್ನಿಯೂ ಎರಡು ತೆರೆಗಳನ್ನು ಎಣಿಸುತ್ತಾರೆ. ಖಲಾಸಿ "ಅಮ್ಮಾ" ಎಂದಷ್ಟೇ ಹೇಳುತ್ತಾನೆ. ಅವರು ದಾಟುತ್ತಾರೆ. ಕೊಡೆಯನ್ನೂ ಚಕ್ಕುಲಿಯ ಡಬ್ಬವನ್ನೂ ಬಿಡಲೊಲ್ಲದೆ ಬಾಗಿಲಿನಲ್ಲೇ ನಿಂತವರು ಮೇಷ್ಟರು! "ಕೊಡೆ ಬಿಟ್ಟು ಕೈ ಕೊಡೀಂದ್ರೆ" ಎಂದು ಕೆಳಗಿನಿಂದ ಪತ್ನಿ ಹೇಳಿದ ಬಳಿಕವೇ ಅವರ ಕೈ ಬರಿದಾಗುವುದು.

ದ್ವೀಪದ ಮೇಲೆ

ಯಾತ್ರಿಕನಿಗೆ ವಿಹಾರವಾದ ಹಡಗು ದ್ವೀಪದವನಿಗೆ ಊರಿನ ರಸ್ತೆ. ವಿಮಾನ ಇಳಿಯುವುದು ಅಗತ್ತಿಯೊಂದರಲ್ಲೇ. ಅವಸರದ ರೋಗಿಗಳಿಗೆ ಹೆಲಿಕಾಪ್ಟರುಂಟು. ಉಳಿದಂತೆ ಕಾಲೇಜಿಗೆ ಹೋಗುವ ಹುಡುಗಿ, ಶಸ್ತ್ರಚಿಕಿತ್ಸೆಗೆ ಹೋಗುವ ಮುದುಕ, ಮದುವೆಯ ಜವಳಿ, ಎಲ್ಲವೂ ಈ ಹಡಗಿನಲ್ಲೇ ಬರಬೇಕು, ಹೋಗಬೇಕು. ಹಡಗಿನಲ್ಲಿ ಅವರಿಗೆ ದಾರಿ ಬಿಡುವುದು ಉಪಕಾರವಲ್ಲ, ಅತಿಥಿಯ ಧರ್ಮ.

ದ್ವೀಪದಲ್ಲೂ ಅದೇ ಧರ್ಮ ನಡೆಯಬೇಕು. ಜನ ಬಹುಪಾಲು ಮುಸಲ್ಮಾನರು, ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿಯವರು. ಈಜುವ ಉಡುಪು ಕಡಲತೀರಕ್ಕೆ ಸರಿ, ಊರಿನ ಓಣಿಗೆ ಸರಿಯಲ್ಲ. ಮನೆಗಳ, ಹೆಂಗಸರ ಚಿತ್ರ ತೆಗೆಯುವ ಮುನ್ನ ಕೇಳಬೇಕು. ನೀರನ್ನು ಪೋಲು ಮಾಡಬಾರದು. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಮರಳಿನೊಳಗಿಳಿದು, ಉಪ್ಪುನೀರಿನ ಮೇಲೆ ತೆಳ್ಳನೆಯ ಹಾಳೆಯಂತೆ ತೇಲುತ್ತ ನಿಂತಿರುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿಗೊಳಿಸುವ ಸ್ಥಾವರ ಆರಂಭವಾದದ್ದು ಈ ಕೊರತೆಯಿಂದಲೇ.

ಹವಳದ ಒಂದು ಚೂರನ್ನೂ, ಸತ್ತು ದಡಕ್ಕೆ ಬಿದ್ದಿದ್ದರೂ, ಚೀಲಕ್ಕೆ ಹಾಕಬಾರದು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ಅಪರಾಧ. ಕಾಯಿದೆಗಿಂತ ಮಿಗಿಲಾದ ಕಾರಣವೂ ಉಂಟು. ಮುಂಗಾರಿನ ತೆರೆಗಳು ಒಡೆದು ಸಾಯುವುದು ಆ ದಿಬ್ಬದ ಮೇಲೆ. ದಿಬ್ಬವಿಲ್ಲದಿದ್ದರೆ, ನೀರಿನಿಂದ ಕೆಲವೇ ಅಡಿ ಎತ್ತರದ ಈ ನೆಲ ಉಳಿಯದು. ಕಡಲು ಬಿಸಿಯಾಗಿ 1998, 2010, 2016 ಮತ್ತು 2024ರಲ್ಲಿ ಇಲ್ಲಿನ ಹವಳಗಳು ಬಿಳಿಚಿ ಅಪಾರವಾಗಿ ಸತ್ತಿವೆ. ಉಳಿದುದರ ಮೇಲೆ ಕಾಲಿಟ್ಟು ನಿಲ್ಲುವುದೂ ಅದನ್ನು ಮುರಿದಂತೆಯೇ.

ಯಾನ ಮಿನಿಕಾಯಿಯವರೆಗೂ ಇದ್ದರೆ ಯಾತ್ರಿಕನಿಗೆ ಬೇರೆಯೇ ನಾಡನ್ನು ಕಂಡಂತಾಗುತ್ತದೆ. ಉಳಿದ ದ್ವೀಪಗಳಿಂದ ಒಂಬತ್ತು ಡಿಗ್ರಿ ಕಾಲುವೆಯಾಚೆ, ಸುಮಾರು 200 ಕಿಲೋಮೀಟರು ದಕ್ಷಿಣಕ್ಕಿರುವ ಇಲ್ಲಿನ ನುಡಿ ಮಲಯಾಳದ ಕವಲಲ್ಲ, ಮಾಲ್ದೀವಿನ ಬಳಗದ ಮಹಲ್. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. 1885ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಿಂತಿದೆ. ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಮೀನು ಹಿಡಿಯುವ ಇಲ್ಲಿನ ಗಂಡಸರು ತಲೆಮಾರುಗಳಿಂದ ಜಗತ್ತಿನ ಹಡಗುಗಳಲ್ಲಿ ನಾವಿಕರಾಗಿ ದುಡಿದವರು.

ಎಲ್ಲಿಯೇ ಇಳಿದರೂ ಮರಳುವ ದೋಣಿಯ ವೇಳೆಯನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಬೇಕು, ಅದಕ್ಕೆ ಅರ್ಧ ಗಂಟೆ ಮುಂಚೆ ಕಟ್ಟೆಯಲ್ಲಿರಬೇಕು. ಒಬ್ಬ ಯಾತ್ರಿಕನಿಗಾಗಿ ಹಡಗು ಕಾಯದು.

ಕಾಯುವುದೂ ಉಂಟು, ಬೇರೆಯವರಿಗಾಗಿ. ಸಂಜೆ ಮೇಷ್ಟರೂ ಪತ್ನಿಯೂ ಹಡಗಿಗೆ ಮರಳುವಾಗ ಮುಂದಿನ ದೋಣಿಯಲ್ಲಿ ಒಬ್ಬಳು ರೋಗಿಯಿದ್ದಾಳೆಂದು ಭಾವಿಸಿ. ಹಾಸುಮಂಚದ ಮೇಲೆ ಕಟ್ಟಿ ಮಲಗಿಸಿದ್ದಾರೆ. ಜೊತೆಗೆ ಮಗನೋ ಅಳಿಯನೋ ಒಬ್ಬ ತರುಣ. ಉಳಿದ ದೋಣಿಗಳೆಲ್ಲ ದೂರ ಸರಿದು ನಿಲ್ಲುತ್ತವೆ. ನಾಲ್ಕು ಮಂದಿ ಖಲಾಸಿಗಳು ತೆರೆಯನ್ನು ನೋಡುತ್ತ ಕಾಯುತ್ತಾರೆ. ಒಂದು ತೆರೆ, ಎರಡು, ಮೂರು. ನಾಲ್ಕನೆಯದು ದೋಣಿಯನ್ನು ಎತ್ತಿಕೊಟ್ಟಾಗ ಆಕೆಯನ್ನು ಅಲುಗದಂತೆ ಒಳಕ್ಕೆ ತೆಗೆದುಕೊಳ್ಳುತ್ತಾರೆ. ತಡವಾಯಿತೆಂದು ಗಡಿಯಾರ ನೋಡಹೊರಟ ಮೇಷ್ಟರು ಕೈಯನ್ನು ಕೆಳಗಿಳಿಸುತ್ತಾರೆ.

ಮರುದಿನ ಕೊಚ್ಚಿಯ ಧಕ್ಕೆಯ ಮೇಲೆ ಕಾಲಿಟ್ಟಾಗ ನೆಲವೇ ಮೆಲ್ಲನೆ ತೂಗಿದಂತಾಗುತ್ತದೆ. ಗಾಬರಿ ಬೇಡ, ದೇಹ ಕಡಲಿನ ಲಯವನ್ನು ಕಲಿತದ್ದರ ಗುರುತು ಅದು, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅಳಿಯುತ್ತದೆ. ರೈಲು ನಿಲ್ದಾಣದ ಮೆಟ್ಟಿಲಿನ ಬಳಿ ಮೇಷ್ಟರು ತುಸು ತಡವರಿಸಿದಾಗ, ಪತ್ನಿ ಹಿಂದಿರುಗಿ ಅವರ ಮಣಿಕಟ್ಟನ್ನು ಹಿಡಿಯುತ್ತಾರೆ.